ಹೌಂಡ್ ಟಾರ್‌ನ ತದ್ರೂಪಿಗಳು

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತದಲ್ಲಿ ಡಾರ್ಟ್‌ಮೂರ್ ಎಂಬ ವಿಶಾಲವಾದ ಬೆಟ್ಟಬಯಲುಂಟು. ಅಲ್ಲಿ ಮಳೆ ಹೇಳಿ ಬರುವುದಿಲ್ಲ. ಮಂಜು ಕೇಳಿ ಹೋಗುವುದಿಲ್ಲ. ಕಣ್ಣು ಹರಿಯುವವರೆಗೂ ಹುಲ್ಲು, ಜರೀಗಿಡ, ನಡುನಡುವೆ ತಲೆಯೆತ್ತಿದ ಗ್ರಾನೈಟ್ ಬಂಡೆಗಳ ರಾಶಿ. ಇಂತಹ ರಾಶಿಯನ್ನು ಆ ಸೀಮೆಯವರು ‘ಟಾರ್’ ಎನ್ನುವರು. ಮ್ಯಾನಟನ್ ಹಳ್ಳಿಯ ಸಮೀಪದಲ್ಲಿ, ಕಡಲಮಟ್ಟದಿಂದ 1,300 ಅಡಿಗೂ ಮಿಗಿಲಾದ ಎತ್ತರದಲ್ಲಿರುವ ಹೌಂಡ್ ಟಾರ್ ಅವುಗಳಲ್ಲೊಂದು. ಮಾಟಗಾತಿಯರ ಶಾಪದಿಂದ ಕಲ್ಲಾಗಿ ನಿಂತ ಬೇಟೆನಾಯಿಗಳೇ ಈ ಬಂಡೆಗಳೆಂದು ಐತಿಹ್ಯ.

ಆದರೆ ಇಲ್ಲಿಗೆ ಬರುವವರೆಲ್ಲರೂ ನಾಯಿಗಳ ಕಥೆಯನ್ನು ನೆನೆದು ಬರುವವರಲ್ಲ. ಕೆಲವರ ಕಣ್ಣು ಬಂಡೆಗಳ ನಡುವೆ ಬೇರೊಂದು ಜೀವಿಯನ್ನು ಅರಸುತ್ತದೆ: ಕುಳ್ಳು ದೇಹ, ಗುಮ್ಮಟದಂತಹ ತಲೆ, ಕತ್ತೆಂಬುದೇ ಇಲ್ಲ. ಹೆಸರು ಸೊಂಟಾರನ್. ಕನ್ನಡದ ಕಿವಿಗೆ ಸೊಂಟವನ್ನು ನೆನಪಿಸುವ ಹೆಸರಾದರೂ ಈ ಮಹಾಶಯರಿಗೆ ಅದೂ ಇದ್ದಂತೆ ತೋರದು!

1974ರ ಶರತ್ಕಾಲದಲ್ಲಿ ಬಿ.ಬಿ.ಸಿ.ಯ ತಂಡವೊಂದು ‘ಡಾಕ್ಟರ್ ಹೂ’ ಎಂಬ ದೂರದರ್ಶನ ಧಾರಾವಾಹಿಯ ‘ದಿ ಸೊಂಟಾರನ್ ಎಕ್ಸ್‌ಪೆರಿಮೆಂಟ್’ ಕಥೆಯನ್ನು ಚಿತ್ರಿಸಲು ಇಲ್ಲಿ ಬೀಡುಬಿಟ್ಟಿತ್ತು. ಮನುಷ್ಯರು ತೊರೆದುಹೋದ, ಬಹುದೂರದ ಭವಿಷ್ಯದ ಭೂಮಿಯನ್ನು ತೋರಿಸಬೇಕಾಗಿತ್ತು. ಅದಕ್ಕೆ ಇದಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಡಾಕ್ಟರನ ಪಾತ್ರಧಾರಿ ಟಾಮ್ ಬೇಕರ್ ಚಿತ್ರೀಕರಣದ ವೇಳೆಯಲ್ಲಿ ಕೊರಳೆಲುಬು ಮುರಿದುಕೊಂಡರು. 1975ರ ಫೆಬ್ರವರಿ 22 ಮತ್ತು ಮಾರ್ಚ್ 1ರಂದು ಎರಡು ಕಂತುಗಳಲ್ಲಿ ಕಥೆ ಪ್ರಸಾರವಾಯಿತು.

ಸೊಂಟಾರನ್ನರಿಗೆ ತಾಯಿಯಿಲ್ಲ, ತಂದೆಯಿಲ್ಲ, ಬಾಲ್ಯವಿಲ್ಲ. ಒಂದೇ ಅಚ್ಚಿನಿಂದ ಲಕ್ಷೋಪಲಕ್ಷವಾಗಿ ಎರಕಗೊಳ್ಳುವ ಸೈನಿಕರು ಅವರು. ನಮ್ಮ ಪುರಾಣದ ರಕ್ತಬೀಜಾಸುರನಿಗೆ ಒಂದು ಸೇನಾಶಾಲೆಯನ್ನು ಕಟ್ಟಿಕೊಟ್ಟರೆ ಹೇಗೋ ಹಾಗೆ. ರೂಟನ್ನರೆಂಬ ಶತ್ರುಗಳೊಡನೆ ಸಾವಿರಾರು ವರ್ಷಗಳ ಯುದ್ಧವೇ ಅವರ ಸರ್ವಸ್ವ. ಲೇಖಕ ರಾಬರ್ಟ್ ಹೋಮ್ಸ್ ಇವರನ್ನು 1973ರಲ್ಲಿ ಸೃಷ್ಟಿಸಿದಾಗ ಇಷ್ಟನ್ನು ಮಾತ್ರ ಹೇಳಿ ಕೈತೊಳೆದುಕೊಂಡರು. ಮಿಕ್ಕುದನ್ನು ಅಭಿಮಾನಿಗಳು ಅರ್ಧ ಶತಮಾನದಿಂದ ತಾವೇ ಬೆಳೆಸುತ್ತ ಬಂದಿದ್ದಾರೆ.

ಅವರ ಜಿಜ್ಞಾಸೆ ಆರಂಭವಾಗುವುದು ಬೆರಳುಗಳಿಂದ. ಮೊದಲ ಕಥೆಯ ಲಿಂಕ್ಸ್‌ಗೆ ಒಂದೊಂದು ಕೈಗೆ ಮೂರು ಬೆರಳು. ಹೌಂಡ್ ಟಾರ್‌ನ ಸ್ಟೈರ್‌ಗೆ ಐದು. ಒಂದೇ ಅಚ್ಚಿನವರಲ್ಲಿ ಈ ಭೇದವೇಕೆ? ವೇಷ ಹೊಲಿದವರ ಅನುಕೂಲವೇ ಕಾರಣವೆಂದು ಹೇಳಿ ಮುಗಿಸಬಹುದು. ಆದರೆ ಅಭಿಮಾನಿಗೆ ಅಂತಹ ಉತ್ತರ ರುಚಿಸದು. ಕಾರ್ಯಕ್ಕೆ ತಕ್ಕಂತೆ ಬೇರೆ ಬೇರೆ ತಳಿಗಳಿರಬೇಕೆಂದು ಒಬ್ಬನ ವಾದ. ಎರಕದ ತಪ್ಪೆಂದು ಇನ್ನೊಬ್ಬನದು. ಎರಡನೆಯವನ ಮಾತು ತೀರ ಹುರುಳಿಲ್ಲದ್ದಲ್ಲ. 2001ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿನ ಮೈಬಣ್ಣ ಮೂಲದ ಬೆಕ್ಕಿನಂತೆ ಇರಲಿಲ್ಲ. ಅವಳಿಗಳ ಬೆರಳಚ್ಚೂ ಒಂದೇ ಆಗಿರುವುದಿಲ್ಲವಷ್ಟೆ.

ಇನ್ನು ಕತ್ತಿನ ಹಿಂಭಾಗದ ರಂಧ್ರ. ಸೊಂಟಾರನ್ನನು ಶಕ್ತಿಯನ್ನು ತುಂಬಿಕೊಳ್ಳುವುದು ಅದರ ಮೂಲಕ. ಸಾಯುವುದೂ ಅಲ್ಲಿಗೆ ಬಿದ್ದ ಪೆಟ್ಟಿನಿಂದ. ಲಿಂಕ್ಸ್ ಒಂದು ಬಾಣದಿಂದ ಸತ್ತ. ಇಷ್ಟು ಬುದ್ಧಿವಂತ ಕುಲವು ಆ ತೂತನ್ನೇಕೆ ಮುಚ್ಚಲಿಲ್ಲ? ಬೆನ್ನು ತೋರಿಸಿದವನು ಬದುಕಬಾರದೆಂದೇ ಹಾಗೆ ಬಿಟ್ಟಿದ್ದಾರೆ ಎಂಬುದು ಸಮಾಧಾನ. ದೇಹದ ಕುಂದೇ ಆ ಕುಲದ ಧರ್ಮವಾಯಿತು. ಸಾವಿಗೆ ಅವರು ಹಾತೊರೆಯುವುದಕ್ಕೂ ಪ್ರಕೃತಿಯಲ್ಲಿ ಸಾಕ್ಷ್ಯವಿದೆ. ಗಂಡಿನ ನೆರವಿಲ್ಲದೆ ತನ್ನಂತಹುದನ್ನೇ ಹೆರುವ ಗಿಡಹೇನುಗಳಲ್ಲಿ, ತಾವು ಮರಿಹಾಕದೆ ಸೋದರಿಯರಿಗಾಗಿ ಕಾದಾಡಿ ಸಾಯುವ ಸೈನಿಕರಿರುವುದನ್ನು ಜಪಾನಿನ ವಿಜ್ಞಾನಿ ಶಿಗೆಯುಕಿ ಅಓಕಿ 1977ರಲ್ಲಿ ಪ್ರಕಟಿಸಿದರು. ಕಥೆ ಮೊದಲು ಬಂದಿತು, ಹೇನು ಆಮೇಲೆ!

ತಮಾಷೆಯೆಂದರೆ, ಈ ಚರ್ಚೆ ನಡೆಸುತ್ತ ಅಭಿಮಾನಿಗಳು ಕುಳಿತಿರುವುದೇ ತದ್ರೂಪಿಗಳ ನಡುವೆ. ಡಾರ್ಟ್‌ಮೂರಿನ ಇಳಿಜಾರುಗಳನ್ನು ಬೇಸಗೆಯಲ್ಲಿ ಮುಚ್ಚುವ ಜರೀಗಿಡವು ನೆಲದೊಳಗಿನ ಕಾಂಡದಿಂದ ಹಬ್ಬುತ್ತದೆ. ನೂರು ಗಿಡವೆಂದು ತೋರುವುದು ಅನೇಕ ವೇಳೆ ಒಂದೇ ಗಿಡ. ಕಂದು ನೆಟ್ಟು ಬೆಳೆಸುವ ನಮ್ಮ ಬಾಳೆಯೂ ಹಾಗೆಯೇ. ನಂಜನಗೂಡಿನ ರಸಬಾಳೆಯನ್ನು ಪನಾಮಾ ರೋಗ ಹೇಗೆ ಅಳಿವಿನ ಅಂಚಿಗೆ ತಂದಿತೆಂಬುದನ್ನು ಬಲ್ಲವರಿಗೆ ಸೊಂಟಾರನ್ನರ ನಿಜವಾದ ಭಯವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನಿಗೆ ತಗುಲಿದ್ದು ಎಲ್ಲರಿಗೂ ತಗುಲೀತು.

ಬಂಡೆಗಳ ಕೆಳಗೆ ಆ ಜರೀಗಿಡದ ನಡುವೆ ಒಂದು ಹಾಳೂರಿನ ತಳಪಾಯಗಳಿವೆ. ದನಕರುಗಳೂ ಮನುಷ್ಯರೂ ಒಂದೇ ಸೂರಿನಡಿ ಬಾಳಿದ ಉದ್ದನೆಯ ಮನೆಗಳು. ಧಾನ್ಯ ಒಣಗಿಸುವ ಒಲೆಗಳು. ಮಧ್ಯಯುಗದ ಕೊನೆಯಲ್ಲಿ ಜನ ಇದನ್ನು ಬಿಟ್ಟುಹೋದರು. ಮನುಷ್ಯರಿಲ್ಲದ ಭೂಮಿಯ ಕಥೆಯನ್ನು ನಟಿಸಿದ ಸ್ಥಳದಲ್ಲಿಯೇ ನಿಜವಾಗಿ ಬರಿದಾದ ಊರು!

ಸಾರಾ ಎಂಬ ಹುಡುಗಿ ಸ್ಟೈರ್‌ನನ್ನು ಕಂಡಾಗ, ಸತ್ತ ಲಿಂಕ್ಸ್‌ನೇ ಎದ್ದು ಬಂದನೆಂದು ಬೆಚ್ಚುತ್ತಾಳೆ. ರೂಪ ಒಂದಾದರೂ ತಾನು ಅವನಲ್ಲವೆಂದು ಸ್ಟೈರ್ ತಿಳಿಸುತ್ತಾನೆ. ಅಭಿಮಾನಿಗಳ ವಾದಗಳೆಲ್ಲ ಸುತ್ತಿಬಂದು ನಿಲ್ಲುವುದು ಈ ಮಾತಿನ ಬಳಿಯಲ್ಲಿಯೇ. ಎರಡೂ ಪಾತ್ರಗಳನ್ನು ಮಾಡಿದವರು ಒಬ್ಬರೇ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕೆವಿನ್ ಲಿಂಡ್ಸೆ. ಕುಲದ ಹೆಸರನ್ನು ಉಚ್ಚರಿಸುವ ಬಗೆಯನ್ನು ನಿರ್ದೇಶಕರು ತಿದ್ದಹೋದಾಗ, ಆ ಲೋಕದಿಂದ ಬಂದವನು ನಾನು, ನನಗೆ ತಿಳಿಯದೆ ಎಂದು ಅವರು ಹಟ ಹಿಡಿದರಂತೆ. ಅವರ ಉಚ್ಚಾರವೇ ಉಳಿಯಿತು. ಲಿಂಡ್ಸೆ ಹೃದ್ರೋಗಿ, ಮುಖವಾಡ ತೊಟ್ಟು ಹೌಂಡ್ ಟಾರ್‌ನ ಬಂಡೆಗಳನ್ನು ಹತ್ತಿಳಿಯುವುದು ಅವರಿಗೆ ಸುಲಭವಾಗಿರಲಿಲ್ಲ. ಹೊಡೆದಾಟದ ದೃಶ್ಯಕ್ಕೆ ಬೇರೊಬ್ಬರು ಅದೇ ವೇಷ ಧರಿಸಬೇಕಾಯಿತು. ಪ್ರಸಾರ ಮುಗಿದು ಎರಡು ತಿಂಗಳು ತುಂಬುವ ಮುನ್ನ, 1975ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡರು.

1978ರಲ್ಲಿ ಸೊಂಟಾರನ್ನರು ಮರಳಿ ಬಂದರು. ಒಳಗಿನ ನಟರು ಬೇರೆ. 1985ರಲ್ಲಿ ಬಂದರು, 2008ರಲ್ಲಿಯೂ ಬಂದರು. ಮುಖವಾಡ ಹೆಚ್ಚು ನಯವಾಗಿದೆ, ಬೆರಳು ಮೂರಕ್ಕೆ ಇಳಿದಿವೆ. ಹಳೆಯ ಅಭಿಮಾನಿಗಳು ಮಾತ್ರ ಇಂದಿಗೂ ಲಿಂಕ್ಸ್ ಮತ್ತು ಸ್ಟೈರ್‌ರನ್ನೇ ಎಣಿಕೆಗೆ ಮೊದಲಿಡುವರು.

ಟಾರ್‌ನಿಂದ ಮೈಲಿಯೊಂದರ ಆಸುಪಾಸಿನಲ್ಲಿ ದಾರಿಯ ಬದಿಗೆ ಒಂದು ಪುಟ್ಟ ಹುಲ್ಲುದಿಬ್ಬ. ಬಹುಕಾಲದ ಹಿಂದೆ ಪ್ರಾಣ ಕಳೆದುಕೊಂಡ ಜೇ ಎಂಬ ಅನಾಥ ಹುಡುಗಿಯ ಸಮಾಧಿ ಅದೆಂದು ಜನ ಹೇಳುವರು. ಅದರ ಮೇಲೆ ಹೊಸ ಹೂವು ತಪ್ಪುವುದೇ ಇಲ್ಲ. ಇಡುವ ಕೈ ಯಾರದೆಂದು ಸೀಮೆಯಲ್ಲಿ ಅನೇಕ ಕಥೆಗಳುಂಟು. ಟಾರ್‌ನಿಂದ ಮರಳುವ ಅಭಿಮಾನಿಗಳು ಅಲ್ಲಿ ಒಂದು ಗಳಿಗೆ ನಿಂತು, ಮಳೆ ಹೆಚ್ಚುವ ಮೊದಲು ಮುಂದಕ್ಕೆ ನಡೆಯುತ್ತಾರೆ.