ಗುಜರಿಗೆ ಹಾಕುವ ಮುನ್ನ

ನಮ್ಮ ತೋವಿನಕೆರೆಗೆ ರೈಲಿಲ್ಲ. ತುಮಕೂರು–ರಾಯದುರ್ಗ ಹೊಸ ಮಾರ್ಗ ಮುಗಿದರೆ ಕೊರಟಗೆರೆ, ಮಧುಗಿರಿ, ಪಾವಗಡದ ಕಡೆ ರೈಲಿನ ಸದ್ದು ಕೇಳೀತು. ಆದರೆ ನೆಂಟರು ಯಾವತ್ತೋ ಪರದೇಶದಿಂದ ತಂದ ಮಾದರಿ ರೈಲು ಅಟ್ಟದ ಮೇಲೆ ಕೆಟ್ಟು ಕೂತಿದ್ದರೆ, ಅದನ್ನು ಮತ್ತೆ ಓಡಿಸಬಲ್ಲ ಕೈಗಳು ನಮ್ಮಲ್ಲೇ ಇವೆ. ಬೋರ್‌ವೆಲ್ ಮೋಟಾರಿಗೆ ತಾಮ್ರದ ತಂತಿ ಸುತ್ತುವವರ ಕೈಗಳು!

ರೈಲು ಓಡದಿದ್ದರೆ ಇಂಜಿನ್ ಬಿಚ್ಚುವ ಮೊದಲು ಕರೆಂಟ್ ಪೆಟ್ಟಿಗೆ ನೋಡಿ. 12 ವೋಲ್ಟ್ ಡಿಸಿ ಕೊಡುವ ಹಳೇ ಪೆಟ್ಟಿಗೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕ ಚೌಕದ ತಗಡುಗಳನ್ನು ಪೋಣಿಸಿದಂಥ ಒಂದು ಭಾಗವಿರುತ್ತದೆ. ಅದು ಎಸಿಯನ್ನು ಡಿಸಿ ಮಾಡುವ ಸೆಲೆನಿಯಂ ರೆಕ್ಟಿಫೈಯರ್. ವಯಸ್ಸಾದಂತೆ ಅದರ ತಡೆ ಹೆಚ್ಚಿ ರೈಲು ತೆವಳುತ್ತದೆ. ಸುಟ್ಟರೆ ಕೊಳೆತ ನಾತ. ಆ ಹೊಗೆ ವಿಷ, ಕಿಟಕಿ ತೆರೆದು ಹೊರಗೆ ಬನ್ನಿ. ಅದರ ಜಾಗಕ್ಕೆ ಅಗ್ಗದ ಸಿಲಿಕಾನ್ ಬ್ರಿಜ್ ಸಾಕು. ವೋಲ್ಟೇಜ್ ತುಸು ಏರುತ್ತದೆ, ಮೀಟರ್ ಹಿಡಿದು ನೋಡಿಯೇ ಹಳಿಗೆ ಕೊಡಿ.

ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಹಳೇ ಮಾದರಿ ರೈಲು ಬೇರೆ ಜಾತಿ, ಎಸಿಯಲ್ಲೇ ಓಡುತ್ತದೆ. ಅಮೆರಿಕದ ಲಯನಲ್ ಕಂಪನಿಯ ಕರೆಂಟ್ ಪೆಟ್ಟಿಗೆ 110–120 ವೋಲ್ಟಿನ ಕರೆಂಟಿಗೆ ಮಾಡಿದ್ದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ.

ವೈರಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸದೆ ಪ್ಲಗ್ ಹಾಕಲೇಬೇಡಿ, ಮಕ್ಕಳು ಮುಟ್ಟುವ ವಸ್ತು ಅದು. ಗುಜರಿಯವನನ್ನು ಕರೆಯುವ ಮುನ್ನ ದಯವಿಟ್ಟು ಒಮ್ಮೆ ವೈಂಡಿಂಗ್ ಅಂಗಡಿಗೆ ಒಯ್ದು ತೋರಿಸಿ.