ಅವಸರವಿಲ್ಲದ ಊರಿನಲ್ಲಿ ಐದು ದಿನ

ನಮಗೆ ಕಾಸರಗೋಡಿನವರಿಗೆ ರಾಜಧಾನಿ ಎಂದರೆ ಮೊದಲು ನೆನಪಾಗುವುದು ರೈಲು. ಮಂಗಳೂರಾದರೆ ಐವತ್ತು ಕಿ.ಮೀ., ಮಧ್ಯಾಹ್ನ ಉಂಡು ಹೊರಟರೂ ಕತ್ತಲಾಗುವ ಮೊದಲು ಮನೆಗೆ ಬರಬಹುದು. ತಿರುವನಂತಪುರ ಹಾಗಲ್ಲ. ಐನೂರೈವತ್ತು ಕಿ.ಮೀ.ಗಿಂತಲೂ ಹೆಚ್ಚು. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯಿಡೀ ಕೇರಳವನ್ನು ಉದ್ದಕ್ಕೆ ಅಳೆದು, ಬೆಳಗ್ಗೆ ಕಣ್ಣುಜ್ಜಿಕೊಂಡು ಇಳಿಯಬೇಕು. 2023ರಲ್ಲಿ ವಂದೇ ಭಾರತ್ ಬಂದ ಮೇಲೆ ಸುಮಾರು ಎಂಟು ತಾಸಿನಲ್ಲಿ ತಲುಪಬಹುದು, ನಿಜ. ಆದರೆ ಮಾಷ್ಟ್ರುಗಳ ಕಿಸೆಗೆ ಸ್ಲೀಪರ್ ಬೋಗಿಯೇ ಹಿತ.

ಹೊರಟದ್ದು ನಾವು ನಾಲ್ಕು ಜನ. ಕನ್ನಡ ಮಾಷ್ಟ್ರು, ಇಬ್ಬರು ಸಮಾಜ ವಿಜ್ಞಾನದವರು, ಮತ್ತೆ ಪ್ರೈಮರಿಯ ಟೀಚರ್. ಕೇರಳದ ಪಠ್ಯಪುಸ್ತಕಗಳು 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೇ ತರಗತಿಗಳಿಗೆ ಬದಲಾದವು. 2025ರಲ್ಲಿ ಉಳಿದವು, ಹತ್ತರವರೆಗೆ. ಪುಸ್ತಕ ಬದಲಾದರೆ ಅದರ ಬೆನ್ನಿಗೆ ಕನ್ನಡ ಮಾಧ್ಯಮದ ಕೆಲಸವೂ ಬರುತ್ತದೆ. ಸಮಾಜ ವಿಜ್ಞಾನದ ಕೆಲವು ಪಾಠಗಳ ಕನ್ನಡ ಕರಡನ್ನು ಕೂತು ತಿದ್ದುವ ಐದು ದಿನದ ಕಾರ್ಯಾಗಾರಕ್ಕೆ ನಮಗೆ ಕರೆ ಬಂದಿತ್ತು. ಕರಡು ಮಾಡಿದವರೂ ನಾವೇ, ತಿದ್ದಬೇಕಾದವರೂ ನಾವೇ. ಶಾಲೆ ಮುಗಿಸಿ, ಉತ್ತರ ಪತ್ರಿಕೆ ನೋಡಿ, ಮನೆಯವರೆಲ್ಲ ಮಲಗಿದ ಮೇಲೆ ರಾತ್ರಿ ಹತ್ತರ ನಂತರ ಮಾಡಿದ ಅನುವಾದ ಅದು. ಹೇಗಿದ್ದೀತು ಅಂತ ನೀವೇ ಊಹಿಸಿ!

ತಂಪಾನೂರಿನಲ್ಲಿ ಇಳಿದವರು ನೇರ ಇಂಡಿಯನ್ ಕಾಫಿ ಹೌಸಿಗೆ ಹೋದೆವು. ಲಾರಿ ಬೇಕರ್ ಕಟ್ಟಿದ ಇಟ್ಟಿಗೆಯ ಕಟ್ಟಡ. ಒಳಗೆ ಮೆಟ್ಟಿಲೇ ಇಲ್ಲ. ಶಂಖದ ಹಾಗೆ ಸುತ್ತಿಕೊಂಡು ಏರುವ ನೆಲ, ಅದರ ಅಂಚಿಗೆ ಸಾಲಾಗಿ ಮೇಜುಗಳು. ಮುಂಡಾಸಿನ ಅಣ್ಣ ಬಂದು ಆರ್ಡರ್ ತೆಗೆದುಕೊಂಡು ಹೋದರು. ದೋಸೆ ಬರಲಿಲ್ಲ, ಬರಲಿಲ್ಲ. "ಹತ್ತಕ್ಕೆ ಕಾರ್ಯಾಗಾರ ಮಾರಾಯ್ರೇ, ಇಲ್ಲಿ ಎಲ್ಲ ಇಷ್ಟೇ ನಿಧಾನವಾ?" ಅಂತ ಟೀಚರ್ ವಾಚ್ ನೋಡಿದರು. ಅಕ್ಕಪಕ್ಕದ ಮೇಜಿನವರು ಪೇಪರ್ ಓದುತ್ತ ಕೂತಿದ್ದರು. ಯಾರಿಗೂ ಎಲ್ಲಿಗೂ ಹೋಗಲಿಕ್ಕಿಲ್ಲ ಎಂಬ ಹಾಗೆ.

ಊರೂ ಹಾಗೆಯೇ ಕಂಡಿತು. ರಾಜಧಾನಿ ಎಂಬ ಗತ್ತಿಲ್ಲ. ಏರು ತಗ್ಗಿನ ರಸ್ತೆ, ದೊಡ್ಡ ದೊಡ್ಡ ಮರಗಳು, ಹಂಚಿನ ಮಾಡಿನ ಹಳೆಯ ಕಟ್ಟಡಗಳು. ಬೆಂಗಳೂರಿಗೆ ಹೋದಾಗ ಆಗುವ ಎದೆಬಡಿತ ಇಲ್ಲಿ ಆಗಲಿಲ್ಲ. ಸಂಜೆ ಮ್ಯೂಸಿಯಂ ಆವರಣದಲ್ಲಿ ಜನ ಗುಂಪು ಗುಂಪಾಗಿ ನಡೆಯುತ್ತಾರೆ, ನಡೆಯುವುದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಮೊದಲೆರಡು ದಿನ ನಮಗೆ ಇದು ಸ್ವಲ್ಪ ಕಿರಿಕಿರಿ. ಬಂದ ಕೆಲಸ ಬೇಗ ಮುಗಿಸಿ ಒಂದು ದಿನ ಮೊದಲೇ ರೈಲು ಹತ್ತುವುದು ನಮ್ಮ ಲೆಕ್ಕಾಚಾರವಾಗಿತ್ತು.

ಲೆಕ್ಕ ತಪ್ಪಿದ್ದು ಮೂರನೇ ದಿನ. ಸಂವಿಧಾನದ ಪಾಠವನ್ನು ಒಬ್ಬರು ದೊಡ್ಡದಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದೆವು. "ಎಲ್ಲರಿಗೂ ಸಮಾನ ಅವಸರ ಸಿಗಬೇಕು" ಎಂಬ ವಾಕ್ಯ ಬಂತು. ಕನ್ನಡ ಮಾಷ್ಟ್ರು ಥಟ್ಟನೆ ತಲೆ ಎತ್ತಿ, "ಸಮಾನ ಅವಸರವಾ? ಎಲ್ಲರಿಗೂ ಒಟ್ಟಿಗೆ ಗಡಿಬಿಡಿಯಾ?" ಅಂದರು. ನಕ್ಕೂ ನಕ್ಕೂ ಸಾಕಾಯಿತು. ಮಲಯಾಳದಲ್ಲಿ 'ಅವಸರಂ' ಎಂದರೆ ಅವಕಾಶ. ಮೂಲದಲ್ಲಿದ್ದ ಪದ ನಮ್ಮ ರಾತ್ರಿ ನಿದ್ದೆಯಲ್ಲಿ ಹಾಗೆಯೇ ದಾಟಿ ಬಂದಿತ್ತು.

ಆದರೆ ನಮ್ಮಲ್ಲೊಬ್ಬರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನಾಲ್ಕು ವರ್ಷದ ಹಿಂದೆ ಇದೇ ತಪ್ಪನ್ನು ನಾನು ಪ್ರಶ್ನೆಪತ್ರಿಕೆಯಲ್ಲಿ ಮಾಡಿದ್ದೆ. ಸಮಾನ ಅವಸರ ಎಂದರೇನು ಅಂತ ಕೇಳಿದ್ದೆ. ಏಳನೆಯ ಒಂದು ಹುಡುಗಿ ಬರೆದಿದ್ದಳು, 'ಎಲ್ಲರೂ ಒಂದೇ ವೇಗದಲ್ಲಿ ಹೋಗಬೇಕು, ಒಬ್ಬರು ಬೇಗ ಹೋಗಿ ಇನ್ನೊಬ್ಬರು ಹಿಂದೆ ಉಳಿಯಬಾರದು' ಅಂತ. ನಾನು ಸೊನ್ನೆ ಕೊಟ್ಟೆ. ತಪ್ಪು ನನ್ನದೆಂದು ಈಗ ಗೊತ್ತಾಯಿತು ನೋಡಿ."

ಯಾರೂ ಮಾತಾಡಲಿಲ್ಲ. ನಮ್ಮ ಮಕ್ಕಳ ಮನೆಮಾತು ತುಳು, ಹವ್ಯಕ, ಮರಾಟಿ, ಕೊಂಕಣಿ ಹೀಗೆ ಹಲವು. ಕನ್ನಡ ಅವರಿಗೆ ಶಾಲೆಯ ಭಾಷೆ, ಓದಿನ ಭಾಷೆ. ಪುಸ್ತಕದಲ್ಲಿ ಇದ್ದದ್ದನ್ನು ಅವರು ನಂಬುತ್ತಾರೆ. ನಮಗಾದರೋ ಎರಡೂ ಭಾಷೆ ನಾಲಿಗೆ ಮೇಲೆ. ಆದ್ದರಿಂದಲೇ ಯಾವುದು ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಹಲವು ಭಾಷೆ ಬಲ್ಲವರು ಅಂತ ನಾವು ಹೆಮ್ಮೆಪಡುವುದು ಉಂಟು. ಆ ಹೆಮ್ಮೆಯ ಬೆಲೆಯನ್ನು ಆ ಹುಡುಗಿ ಕೊಟ್ಟಿದ್ದಳು.

ಅಂದು ಮಧ್ಯಾಹ್ನ ನಾವು ಕರಡನ್ನು ಮೊದಲ ಪುಟದಿಂದ ಮತ್ತೆ ಓದಲಿಕ್ಕೆ ಕೂತೆವು. ಆಗ ಸಿಕ್ಕಿದ್ದು ಇನ್ನೂ ದೊಡ್ಡ ಕಳ್ಳ. "ಶಿಕ್ಷಣ ಪಡೆಯುವುದು ಪ್ರತಿಯೊಂದು ಮಗುವಿನ ಅವಕಾಶ" ಎಂಬ ವಾಕ್ಯ. ಓದಲು ಏನೂ ತೊಂದರೆ ಇಲ್ಲ, ಅಚ್ಚ ಕನ್ನಡ. ನಗು ಸಹ ಬರುವುದಿಲ್ಲ. ಆದರೆ ಮಲಯಾಳದ 'ಅವಕಾಶಂ' ಎಂದರೆ ಹಕ್ಕು. ನಮ್ಮ ಮೂಲಭೂತ ಹಕ್ಕುಗಳನ್ನು ಅವರು ಮೌಲಿಕಾವಕಾಶಂಗಳ್ ಎನ್ನುತ್ತಾರೆ. ಹಾಗಾದರೆ ಆದದ್ದೇನು? ಗಡಿ ದಾಟುವಾಗ ಒಂದೊಂದು ಪದವೂ ಒಂದೊಂದು ಮೆಟ್ಟಿಲು ಕೆಳಗೆ ಇಳಿದಿದೆ. ಅಲ್ಲಿಯ ಹಕ್ಕು ಇಲ್ಲಿ ಬರೀ ಅವಕಾಶ, ಅಲ್ಲಿಯ ಅವಕಾಶ ಇಲ್ಲಿ ಬರೀ ಗಡಿಬಿಡಿ.

ಹಕ್ಕಿಗೂ ಅವಕಾಶಕ್ಕೂ ಇರುವ ವ್ಯತ್ಯಾಸವನ್ನು ಗಡಿನಾಡಿನ ಮಾಷ್ಟ್ರುಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಕಾಶವನ್ನು ಕೊಟ್ಟರೆ ತೆಗೆದುಕೊಳ್ಳಬೇಕು, ಕೊಡದಿದ್ದರೆ ಸುಮ್ಮನಿರಬೇಕು. ಹಕ್ಕು ಕೇಳಿ ಪಡೆಯುವಂಥದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಇರಬೇಕು ಎನ್ನುವ ಸಂವಿಧಾನದ 350ಎ ವಿಧಿ ಬಂದದ್ದು ಏಳನೇ ತಿದ್ದುಪಡಿಯಿಂದ. ಅದು ಜಾರಿಯಾದ ದಿನ 1956ರ ನವೆಂಬರ್ 1. ಅದೇ ದಿನ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮನ್ನು ಆಚೆ ಕಳಿಸಿದ ದಿನವೇ ಕೈಯಲ್ಲಿ ಈ ಬುತ್ತಿಯನ್ನೂ ಕೊಟ್ಟು ಕಳಿಸಿದ್ದಾರೆ. ಆ ಬುತ್ತಿಯ ಹೆಸರನ್ನೇ ನಾವು ನಮ್ಮ ಮಕ್ಕಳಿಗೆ ತಪ್ಪಾಗಿ ಹೇಳಿಕೊಡುವುದೇ?

ಕಾರ್ಯಾಗಾರ ನೋಡಿಕೊಳ್ಳುತ್ತಿದ್ದ ಮಲಯಾಳಿ ಸಾರ್‌ಗೆ ವಿಷಯ ತಿಳಿಸಿ, ನಾವು ಅಂದುಕೊಂಡಷ್ಟು ಬೇಗ ಮುಗಿಯುವುದಿಲ್ಲ ಎಂದೆವು. ಬೇಸರ ಮಾಡಿಯಾರೆಂಬ ಹೆದರಿಕೆ ಇತ್ತು. ಅವರು ಚಹಾದ ಲೋಟ ಕೆಳಗಿಟ್ಟು, "ಸಾವಕಾಶಂ ಚೆಯ್ದಾಲ್ ಮತಿ ಮಾಷೇ" ಅಂದರು. ನಿಧಾನವಾಗಿ ಮಾಡಿದರೆ ಸಾಕು ಎಂದು. ಟೀಚರ್ ಮೆಲ್ಲಗೆ ಕಿವಿಯಲ್ಲಿ ಹೇಳಿದರು, "ಸಾವಕಾಶ ಮಾತ್ರ ಎರಡು ಕಡೆಯೂ ಒಂದೇ ನೋಡಿ!" ಅಷ್ಟು ಹೊತ್ತಿನ ಭಾರ ಸ್ವಲ್ಪ ಇಳಿಯಿತು.

ಮತ್ತಿನ ಎರಡು ದಿನ ನಾವು ಆ ಊರಿನ ಹಾಗೆಯೇ ಕೆಲಸ ಮಾಡಿದೆವು. ಒಂದೊಂದು ವಾಕ್ಯವನ್ನೂ ಓದುವುದು, ನಮ್ಮ ತರಗತಿಯ ಒಂದು ಮಗುವನ್ನು ಮನಸ್ಸಿನಲ್ಲಿ ಎದುರು ಕೂರಿಸುವುದು, ಅದಕ್ಕೆ ಏನು ಅರ್ಥವಾದೀತು ಅಂತ ಕೇಳಿಕೊಳ್ಳುವುದು. 'ಸಂಭವ' ಬಂದಲ್ಲಿ ಘಟನೆ ಮಾಡಿದೆವು. 'ಪ್ರಸಂಗ' ಬಂದಲ್ಲಿ ಭಾಷಣ ಮಾಡಿದೆವು, ಇಲ್ಲದಿದ್ದರೆ ಯಕ್ಷಗಾನದ ನಾಡಿನ ಮಕ್ಕಳು ಗಾಂಧೀಜಿ ವೇಷ ಕಟ್ಟಿದರೆಂದು ತಿಳಿದಾರು! ಹೋಗಿ ಹೋಗಿ ಕಾಫಿ ಹೌಸಿನಲ್ಲಿ ದೋಸೆಗೆ ಕಾಯುವಾಗಲೂ ಹಾಳೆ ಹೊರಗೆ ಬರತೊಡಗಿತು. ದೋಸೆ ತಡವಾದಷ್ಟೂ ಒಳ್ಳೆಯದು ಅನ್ನಿಸತೊಡಗಿತು.

ಕೊನೆಯ ಸಂಜೆ ಕಿಳಕ್ಕೇ ಕೋಟೆಗೆ ಹೋದೆವು. ಪದ್ಮತೀರ್ಥದ ಎದುರಿಗೆ ಮೇತ್ತನ್ ಮಣಿ ಎಂಬ ಹಳೆಯ ಗಡಿಯಾರ ಉಂಟು. ಗಂಟೆಗೊಮ್ಮೆ ಗಡ್ಡದ ಮುಖ ಬಾಯಿ ತೆರೆಯುತ್ತದೆ, ಎರಡು ಟಗರುಗಳು ಎರಡು ಕೆನ್ನೆಗೆ ಹಾಯುತ್ತವೆ. ಅದರ ಕೆಳಗೆ ನಿಂತು ಮಾತಾಡುವಾಗ ಮಾತು ಊರಿನ ಕಡೆಗೇ ಬಂತು. ನಮ್ಮ ಕುಂಬಳೆ ಹತ್ತಿರದ ಅನಂತಪುರದ ಕೆರೆ ದೇವಸ್ಥಾನವೇ ಈ ಪದ್ಮನಾಭನ ಮೂಲಸ್ಥಾನ ಎಂಬುದು ನಂಬಿಕೆ. ಇಲ್ಲಿಯ ಅರ್ಚಕರಾದ ನಂಬಿಗಳು ಚಂದ್ರಗಿರಿ ಹೊಳೆಯ ಆಚೆ ಈಚೆಯ ಮನೆತನಗಳಿಂದ ಬರುವುದು ಹಳೆಯ ಪದ್ಧತಿ. ಆಚೆಯವರು ಅಕ್ಕರೆ ದೇಶಿ, ಈಚೆಯವರು ಇಕ್ಕರೆ ದೇಶಿ. ಮಲಯಾಳದಲ್ಲಿ ಅಕ್ಕರೆ ಎಂದರೆ ಆಚೆ ದಡ. ನಮ್ಮ ಕನ್ನಡದಲ್ಲಿ ಅದೇ ಪದಕ್ಕೆ ಪ್ರೀತಿ ಎಂದರ್ಥ.

"ಇದೊಂದನ್ನು ತಿದ್ದುವುದು ಬೇಡ" ಅಂದರು ಕನ್ನಡ ಮಾಷ್ಟ್ರು.

ಊರಿಗೆ ಬಂದು ವಾರ ಕಳೆದ ಮೇಲೆ, ಸೊನ್ನೆ ಕೊಟ್ಟ ನಮ್ಮ ಸಹೋದ್ಯೋಗಿ ಆ ಹುಡುಗಿಯನ್ನು ಹುಡುಕಿಕೊಂಡು ಹೋದರು. ಈಗ ಪ್ಲಸ್ ಟು ಓದುತ್ತಿದ್ದಾಳಂತೆ. ತಪ್ಪು ನನ್ನದು, ನಿನ್ನ ಉತ್ತರ ಸರಿ ಇತ್ತು ಎಂದರಂತೆ. ಅವಳಿಗೆ ಆ ಪರೀಕ್ಷೆಯ ನೆನಪೇ ಇರಲಿಲ್ಲ. "ಇಷ್ಟಕ್ಕೆ ಮನೆವರೆಗೆ ಬಂದಿರಾ ಸರ್, ಚಾ ಕುಡಿದು ಹೋಗಿ" ಅಂದಳಂತೆ. ಕುಡಿದು ಬಂದಿದ್ದಾರೆ.

ಹೊಸ ಪಾಠ ತರಗತಿಗೆ ಬಂದಾಗ ನಾವು ಕಪ್ಪುಹಲಗೆಯ ಮೇಲೆ ಮೊದಲು ಬರೆಯುವ ಪದವನ್ನು ಈಗಲೇ ನಿಶ್ಚಯ ಮಾಡಿಕೊಂಡಿದ್ದೇವೆ. ಹಕ್ಕು. ಅದರ ಕೆಳಗೆ ಅವಕಾಶ. ಅವಸರವನ್ನು ಬರೆಯುವುದಿಲ್ಲ.