ಹಬ್ಬು, ಕವೆ ಮತ್ತು ನಾವು

ನಮ್ಮ ತಾತಂದಿರು ಸೈಕಲ್ಲಿದ್ದರೂ ಮೇಲುಕೇರಿ ಬಂದ ಕೂಡಲೇ ಇಳಿದು ತಳ್ಳಿಕೊಂಡು ಹೋದವರು. ಅಸ್ಪೃಶ್ಯತೆಯನ್ನು ತೆಗೆದುಹಾಕಿದ ಸಂವಿಧಾನ 1950ರಲ್ಲೇ ಜಾರಿಗೆ ಬಂದಿತ್ತು. ಆದರೂ ನಮ್ಮವರು ಪೆಡಲಿನ ಮೇಲೆ ಕಾಲಿಟ್ಟರೆ ಕಣ್ಣು ಕೆಂಪಾಗುವ ಬೀದಿಗಳು ಎಷ್ಟೋ ಕಾಲ ಉಳಿದವು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ಲು ಕೊಡಲು ಶುರು ಮಾಡಿದ ಮೇಲೆ ಕೇರಿಯ ಹೆಣ್ಣುಮಕ್ಕಳು ಅದೇ ಬೀದಿಯಲ್ಲಿ ಬೆಲ್ಲು ಹೊಡೆದುಕೊಂಡು ಹೋದರು. ಹಾಗಾಗಿ ಸೈಕಲ್ಲಿನ ರಿಪೇರಿ ನಮಗೆ ಸಣ್ಣ ವಿಷಯವಲ್ಲ. ಒಂದು ಸೈಕಲ್ಲು ಮೂಲೆಗೆ ಬಿದ್ದರೆ ಒಂದು ಮಗು ಸ್ಕೂಲು ಬಿಡಬಹುದು.

ಈ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಸೈಕಲ್ಲಿನ ಹಿಂದಿನ ಹಬ್ಬು ಒಡೆಯಿತು. ಹೈಸ್ಕೂಲು ಆರು ಕಿಲೋಮೀಟರು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೂಲಿ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಒಂದು ಗಾಲಿ ಸಿಕ್ಕಿತು. ರಿಮ್ಮು ಅದೇ ಅಳತೆ, ಆದರೆ ಏಳು ಗೇರಿನ ಸೈಕಲ್ಲಿನದು. ಇಟ್ಟು ನೋಡಿದರೆ ಕವೆಯೊಳಕ್ಕೆ ಹೋಗಲೊಲ್ಲದು. ಹಬ್ಬಿನ ಎರಡು ಚೆಕ್‌ನಟ್ಟುಗಳ ಹೊರಮೈ ನಡುವೆ 135 ಮಿಲಿಮೀಟರು. ಚೌಕಟ್ಟಿನ ಹಿಂದಿನ ಕವೆಯ ಒಳ ಅಗಲ 120. ಹದಿನೈದು ಮಿಲಿಮೀಟರಿನ ತಕರಾರು.

"ಕವೆ ಹಿಡ್ದು ಎಳೀರ್ಲಾ, ಕಬ್ಬಿಣ ತಾನೆ, ಅಗ್ಲಾಯ್ತದೆ" ಅಂದರು ದೊಡ್ಡಪ್ಪ. ಉಕ್ಕು ಒಂದಿಷ್ಟು ಬಗ್ಗುವುದು ನಿಜ. ಆದರೆ ಎರಡು ಕಾಲೂ ಸಮನಾಗಿ ಬಗ್ಗುತ್ತವೆಂಬ ಭರವಸೆಯಿಲ್ಲ. ತುದಿಗಳು ಓರೆಯಾದರೆ ಆಕ್ಸಲ್ಲಿನ ಮೇಲೆ ಸೊಟ್ಟ ಭಾರ ಬಿದ್ದು ಅದು ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟನ್ನಂತೂ ಎಳೆಯಲೇಬಾರದು. ಆದ್ದರಿಂದ ಹಬ್ಬನ್ನೇ ಕಿರಿದು ಮಾಡಿದೆವು.

ಮೊದಲು ಏಳು ಹಲ್ಲುಚಕ್ರದ ಫ್ರೀವೀಲು ಬಿಚ್ಚಬೇಕು. ತುಳಿದಷ್ಟೂ ಬಿಗಿಯಾಗುತ್ತಾ ಹೋಗುವ ಭಾಗ ಅದು. ಅದಕ್ಕೆಂದೇ ಇರುವ ಪಾನ ಹಾಕಿ, ಸೈಕಲ್ ಶಾಪಿನ ವೈಸಿನಲ್ಲಿ ಕಚ್ಚಿಸಿ ತಿರುಗಿಸಿದರೇ ಬಿಡುವುದು. ಅದೇ ಮರೆಗೆ, ಅಂದರೆ 1.37 ಇಂಚು ಅಗಲ, ಇಂಚಿಗೆ 24 ಸುತ್ತಿನ ಮರೆಗೆ, ಒಂಟಿ ಹಲ್ಲುಚಕ್ರದ ಫ್ರೀವೀಲು ಕೂರುತ್ತದೆ. ಏಳರ ಜಾಗದಲ್ಲಿ ಒಂದು ಬಂದಾಗ ಬಲಗಡೆ ಜಾಗ ಖಾಲಿ. ಅಲ್ಲಿದ್ದ ಉದ್ದ ಬುಷ್ಷು ತೆಗೆದು, ಬದಲಿಗೆ ವಾಶರ್ರು ಕೊಟ್ಟು 15 ಮಿಲಿಮೀಟರು ಇಳಿಸಿದೆವು. ಕೋನು ಬಿಚ್ಚಿದ ಮೇಲೆ ಕಾಲಿಂಚಿನ ಗುಂಡುಗಳನ್ನು ಒಂದೊಂದು ಕಡೆಗೆ ಒಂಬತ್ತರಂತೆ ಎಣಿಸಿ ಗ್ರೀಸಿನಲ್ಲಿ ಕೂರಿಸಬೇಕು. ಆಕ್ಸಲ್ಲನ್ನು ನಡುವಿಗೆ ಸರಿಸಿದರೆ ಎರಡು ತುದಿಯೂ ಉದ್ದ ಚಾಚುತ್ತವೆ, ಲಂಗಕ್ಕೆ ಸಿಕ್ಕಿಕೊಳ್ಳುತ್ತವೆ. ಮೊದಲು ನಟ್ಟು ಒಳಕ್ಕೆ ಹತ್ತಿಸಿ ಆಮೇಲೆ ಗರಗಸ ಹಾಕಬೇಕು. ನಟ್ಟು ಹೊರಬರುವಾಗ ಕೊಯ್ದ ಮರೆ ತಾನೇ ಸರಿಯಾಗುತ್ತದೆ.

ಈಗ ರಿಮ್ಮು ಕವೆಯ ನಡುವಿನಿಂದ ಬಲಕ್ಕೆ ಏಳೂವರೆ ಮಿಲಿಮೀಟರು ವಾಲಿತ್ತು. ಬಲಗಡೆಯ ಕಡ್ಡಿಗಳನ್ನು ಸಡಿಲಿಸಿ, ಎಡಗಡೆಯವನ್ನು ಬಿಗಿದು, ಕಾಲು ಸುತ್ತು ಕಾಲು ಸುತ್ತಾಗಿ ನಡುವಿಗೆ ತಂದೆವು. ಆಗ ಒಂದು ಸಂಗತಿ ಕೈಗೆ ತಿಳಿಯಿತು. ಗೇರಿನ ಗಾಲಿಯಲ್ಲಿ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಬಲಗಡೆಯ ಕಡ್ಡಿಗಳು ನೆಟ್ಟಗೆ ನಿಂತು ವಿಪರೀತ ಬಿಗಿದಿರುತ್ತವೆ, ಎಡಗಡೆಯವು ಆರಾಮಾಗಿರುತ್ತವೆ. ಈಗ ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ಬಿಗಿ, ಬೆರಳಲ್ಲಿ ಮೀಟಿದರೆ ಒಂದೇ ದನಿ. ಭಾರ ಹಂಚಿಕೊಂಡ ಗಾಲಿ ಗಟ್ಟಿ. ಕೊನೆಗೆ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಚೈನು ನೇರ ಇದೆಯಾ ಎಂದು ದಾರ ಹಿಡಿದು ನೋಡಿದೆವು. ಸೈಕಲ್ಲು ಓಡಿತು.

"ಅಣ್ಣಾ, ಏಳು ಗೇರಿಂದು ಒಂದೇ ಆಗೋಯ್ತಲ್ಲಾ. ಅಗ್ಲ ಇದ್ದಿದ್ದನ್ನೇ ಯಾಕ್ ಕುಯ್ದ್ರಿ?" ಅಂತ ಕೇಳಿದಳು ಹುಡುಗಿ.

ಉತ್ತರ ಸುಲಭವಿಲ್ಲ. ಇಕ್ಕಟ್ಟಾದ ಚೌಕಟ್ಟಿಗೆ ಹೊಂದಿಕೊಳ್ಳುವಾಗ ಗಾಲಿ ಆರು ಗೇರು ಕಳಕೊಂಡಿತು. ಅದು ನಷ್ಟವೇ. ಪಟ್ಟಣದ ಕಾಲೇಜಿಗೆ ಹೋದಾಗ ನಮಗೂ ಹೀಗೇ ಹೇಳಿದರು: ಮಾತು ತಿದ್ದಿಕೊಳ್ಳಿ, ಊಟದ ಸುದ್ದಿ ಎತ್ತಬೇಡಿ, ಪದ್ಯದಲ್ಲಿ ಕೇರಿಯ ಬೈಗುಳ ಬೇಡ. ಕೊಯ್ದಷ್ಟು ಕೊಯ್ಸಿಕೊಂಡವರನ್ನು ಯೋಗ್ಯರು ಅಂದರು. ಕಬ್ಬಿಣದ ಕೆಲಸಕ್ಕೆ ಕೂತಾಗ ನಾವು ಗಾಲಿಯನ್ನೂ ಅಳೆದೆವು, ಚೌಕಟ್ಟನ್ನೂ ಅಳೆದೆವು, ಯಾವುದು ಬಗ್ಗಿದರೆ ಯಾವುದು ಮುರಿಯುತ್ತದೆಂದು ಲೆಕ್ಕ ಹಾಕಿದೆವು. ಅಲ್ಲಿ ಅಳೆದದ್ದು ನಮ್ಮನ್ನು ಮಾತ್ರ. ಚೌಕಟ್ಟಿನ ಅಗಲ ಎಷ್ಟು, ಅದನ್ನು ಅಷ್ಟು ಇಕ್ಕಟ್ಟಾಗಿ ಮಾಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ಕಬ್ಬಿಣದ ನ್ಯಾಯ ಬೇರೆ, ಮನುಷ್ಯರ ನ್ಯಾಯ ಬೇರೆ. ಮನುಷ್ಯರು ಕಟ್ಟಿದ ಕವೆಯನ್ನು ಮನುಷ್ಯರು ಅಗಲ ಮಾಡಬಹುದು. ಮೀಸಲಾತಿ ಮಾಡಿದ್ದು ಆ ಕೆಲಸವನ್ನೇ.

ಗೆಳೆಯರೇ, ಊರ ಮೇಷ್ಟ್ರೇ, ಒಂದು ಮಾತು. ಏಪ್ರಿಲ್ 14ಕ್ಕೆ ಚಂದಾ ಎತ್ತುತ್ತೀವಿ, ಬ್ಯಾನರು ಕಟ್ಟುತ್ತೀವಿ. ಆ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಫ್ರೀವೀಲು ಬಿಚ್ಚುವ ಪಾನ, ಕೋನು ಸ್ಪ್ಯಾನರು, ಕಡ್ಡಿ ಕೀಲಿ, ಒಂದು ಅಳತೆಪಟ್ಟಿ ತಂದು ಕೇರಿಯ ಲೈಬ್ರರಿಯಲ್ಲಿ ಬಾಬಾಸಾಹೇಬರ ಪುಸ್ತಕಗಳ ಪಕ್ಕ ಇಡೋಣ. ಹುಡುಗಿಯರಿಗೇ ಮೊದಲು ಕಲಿಸೋಣ. ಅಳೆಯುವುದನ್ನು ಕಲಿತವಳು ನಾಳೆ ಚೌಕಟ್ಟುಗಳನ್ನೂ ಅಳೆಯುತ್ತಾಳೆ.